ಹಳೇ ತುರ್ಕಿ ಹಾಸ್ಯ ಚಿತ್ರಗಳನ್ನು ನೋಡೋದು ಹೇಗೆ? ಕನ್ನಡದ ಕಿವಿ ಇದ್ದರೆ ಅರ್ಧ ಕೆಲಸ ಆದಂತೆ

ನಾನು ಶುರು ಮಾಡಿದ್ದೇ ತಪ್ಪು ತುದಿಯಿಂದ. ಹಳೇ ತುರ್ಕಿ ಸಿನಿಮಾ ಅಂತ ಹುಡುಕಿದಾಗ ಕಣ್ಣಿಗೆ ಬಿದ್ದದ್ದು 1982ರ ‘ದುನ್ಯಾಯಿ ಕುರ್ತಾರಾನ್ ಆದಾಮ್’. ಹೆಸರನ್ನು ಜೋರಾಗಿ ಓದಿ ನೋಡಿ. ದುನಿಯಾ ಇದೆ, ಆದ್ಮಿ ಇದ್ದಾನೆ. ಲೋಕ ಉಳಿಸಿದ ಮನುಷ್ಯ. ಸ್ಟಾರ್ ವಾರ್ಸ್ ಚಿತ್ರದ ತುಣುಕುಗಳನ್ನೇ ಎತ್ತಿ ಅಂಟಿಸಿಕೊಂಡು, ಅದರ ಮುಂದೆ ನಾಯಕ ಜುನೆಯ್ತ್ ಆರ್ಕಿನ್ ಹೊಡೆದಾಡುತ್ತಾರೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆದರೆ ಅದು ಅವರನ್ನು ನೋಡಿ ನಕ್ಕದ್ದು, ಅವರ ಜೊತೆ ನಕ್ಕದ್ದಲ್ಲ. ‘ಇವರ ಸಿನಿಮಾ ಇಷ್ಟೇ’ ಅಂದುಕೊಂಡು ವರ್ಷಗಟ್ಟಲೆ ಆ ಕಡೆ ತಲೆ ಹಾಕಲಿಲ್ಲ.

ಆಮೇಲೆ ಯಾವಾಗಲೋ ಒಂದು ಮನೆಮಂದಿ ಜಗಳದ ಚಿತ್ರ ಸಿಕ್ಕಿತು. ಅಲ್ಲಿಂದ ಹುಚ್ಚು ಹಿಡಿಯಿತು. ನೀವು ನನ್ನ ಹಾಗೆ ಸುತ್ತು ಹಾಕೋದು ಬೇಡ ಅಂತ ದಾರಿಯನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು: ಹೆಸರು ಓದಲು ಕಲಿಯಿರಿ

ಇದಕ್ಕೆ ಹತ್ತು ನಿಮಿಷ ಸಾಕು. ತುರ್ಕಿ ಭಾಷೆ ಇಂಗ್ಲಿಷ್ ಅಕ್ಷರಗಳಲ್ಲೇ ಇದೆ, ಆದರೆ ಬರೆದದ್ದನ್ನು ಬರೆದ ಹಾಗೇ ಓದುತ್ತಾರೆ. ನಮಗೆ ಅದು ಹೊಸದಲ್ಲ. ‘ಸಿ’ ಅಕ್ಷರ ಅಲ್ಲಿ ‘ಜ’. ಅದಕ್ಕೆ ಕೆಳಗೆ ಬಾಲ ಇದ್ದರೆ ‘ಚ’. ‘ಎಸ್’ಗೆ ಬಾಲ ಇದ್ದರೆ ‘ಶ’. ‘ಜಿ’ ತಲೆ ಮೇಲೆ ಟೋಪಿ ಇದ್ದರೆ ಅದು ಮೂಕ, ಹಿಂದಿನ ಸ್ವರವನ್ನು ಸುಮ್ನೆ ಎಳೆಯಬೇಕು. ಊರ ಜಮೀನ್ದಾರನಿಗೆ ‘ಆಗಾ’ ಅಂತ ಬರೆದು ‘ಆಆ’ ಅನ್ನುತ್ತಾರೆ.

ಹುಡುಕುವಾಗ ಚಿತ್ರದ ತುರ್ಕಿ ಹೆಸರನ್ನೇ ವಿಕಿಪೀಡಿಯದಿಂದ ನಕಲು ಮಾಡಿ ಯೂಟ್ಯೂಬ್‌ನಲ್ಲಿ ಹಾಕಿ. ಇಂಗ್ಲಿಷ್ ಅನುವಾದದ ಹೆಸರು ಹಾಕಿದರೆ ಏನೇನೋ ಬರುತ್ತದೆ. ಶೀರ್ಷಿಕೆಯಲ್ಲಿ ‘ತೆಕ್ ಪಾರ್ಚಾ’ ಅಂತ ಇದ್ದರೆ ಇಡೀ ಚಿತ್ರ ಒಂದೇ ತುಂಡಿನಲ್ಲಿದೆ ಅಂತ ಅರ್ಥ. ನಿರ್ಮಾಣ ಸಂಸ್ಥೆಗಳೇ ಹಾಕಿರುವ ಪ್ರತಿ ಸಿಕ್ಕರೆ ಅದನ್ನೇ ನೋಡಿ, ಚಿತ್ರ ಸ್ವಚ್ಛವಾಗಿರುತ್ತದೆ.

ಈ ಚಿತ್ರಗಳ ಒಟ್ಟು ಹೆಸರು ‘ಯೆಶಿಲ್‌ಚಾಮ್’. ಇಸ್ತಾಂಬುಲ್‌ನ ಬೆಯೋಲು ಭಾಗದಲ್ಲಿ ಆ ಹೆಸರಿನ ಒಂದು ಬೀದಿ ಇದೆ. ನಿರ್ಮಾಪಕರ ಕಚೇರಿಗಳೆಲ್ಲ ಅದರ ಆಸುಪಾಸಿನಲ್ಲೇ ಇದ್ದವು. ನಾವು ಗಾಂಧಿನಗರ ಅನ್ನುತ್ತೇವಲ್ಲ, ಹಾಗೇ. 1972ರಲ್ಲಿ ಒಂದೇ ವರ್ಷಕ್ಕೆ ಸುಮಾರು 300 ಚಿತ್ರ ಬಂದವು ಅಂದರೆ ಯಾವ ವೇಗದಲ್ಲಿ ಓಡುತ್ತಿದ್ದರು ಲೆಕ್ಕ ಹಾಕಿ.

ಮೊದಲ ಚಿತ್ರ: ಶಾಲೆಯಿಂದಲೇ ಶುರುವಾಗಲಿ

1975ರ ‘ಹಬಾಬಾಮ್ ಸಿನಿಫಿ’. ಬೇರೆ ಯಾವುದರಿಂದಲೂ ಶುರು ಮಾಡಬೇಡಿ. ನಿರ್ದೇಶಕ ಎರ್ತೆಮ್ ಎಯಿಲ್ಮೆಜ್. ಹಾಸ್ಟೆಲ್ ಇರುವ ಒಂದು ಖಾಸಗಿ ಹೈಸ್ಕೂಲು. ಪಾಸಾಗುವ ಯೋಚನೆಯೇ ಇಲ್ಲದ ಹುಡುಗರ ಒಂದು ಕ್ಲಾಸು. ಅವರನ್ನು ದಾರಿಗೆ ತರಲು ಬರುವ ಬೊಕ್ಕತಲೆ ಮೇಷ್ಟ್ರು. ಕಥೆ ಇಷ್ಟೇ. ಇಸ್ತಾಂಬುಲ್‌ನ ಏಷ್ಯಾ ದಡದಲ್ಲಿ, ವಾಲಿದೆಬಾ ತೋಪಿನಲ್ಲಿರುವ ಒಂದು ಹಳೇ ಅರಮನೆಯಲ್ಲಿ ಚಿತ್ರೀಕರಣ ಆಯಿತು.

ಮೂಲ ಕಥೆ ರಿಫಾತ್ ಇಲ್ಗಾಜ್ ಅವರದು. ಅವರೇ ಮೇಷ್ಟ್ರಾಗಿದ್ದವರು, ಬರೆದದ್ದಕ್ಕೆ ಜೈಲನ್ನೂ ಕಂಡವರು. 1950ರ ದಶಕದಲ್ಲಿ ಈ ಕಥೆಗಳು ‘ದೋಲ್ಮುಶ್’ ಅನ್ನುವ ಹಾಸ್ಯ ಪತ್ರಿಕೆಯಲ್ಲಿ ಬಂದವು. ದೋಲ್ಮುಶ್ ಅಂದರೆ ಶೇರ್ ಟ್ಯಾಕ್ಸಿ. ಅದರಲ್ಲಿ ಅವರು ಇಟ್ಟುಕೊಂಡ ಗುಪ್ತನಾಮ ‘ಸ್ತೆಪ್ನೆ’. ಹೌದು, ನಮ್ಮ ಗ್ಯಾರೇಜಿನ ಅದೇ ಸ್ಟೆಪ್ನಿ. ಟ್ಯಾಕ್ಸಿ ಪತ್ರಿಕೆಗೆ ಸ್ಟೆಪ್ನಿ ಲೇಖಕ! ಇದನ್ನು ಇಂಗ್ಲಿಷಿನವರಿಗೆ ವಿವರಿಸಬೇಕು, ನಮಗೆ ಬೇಕಿಲ್ಲ.

ಪಾತ್ರಗಳ ಅಡ್ಡಹೆಸರು ತಿಳಿದರೆ ಚಿತ್ರ ಇನ್ನೂ ರುಚಿಸುತ್ತದೆ. ‘ಕೆಲ್ ಮಹಮೂತ್’ ಅಂದರೆ ಬೋಳ ಮಹಮೂದ್, ಅವರೇ ಮೇಷ್ಟ್ರು, ಆ ಪಾತ್ರ ಮುನಿರ್ ಓಜ್‌ಕುಲ್ ಅವರದು. ‘ಗುದುಕ್ ನೆಜ್ಮಿ’ ಅಂದರೆ ಗಿಡ್ಡ ನೆಜ್ಮಿ. ‘ದಾಮಾತ್ ಫೆರಿತ್’ ಅಂದರೆ ಅಳಿಯ ಫೆರಿತ್. ಇದರಲ್ಲಿ ಒಂದು ಚುಚ್ಚು ಕೂಡ ಇದೆ, ಆಟೊಮನ್ ಸಾಮ್ರಾಜ್ಯದ ಕೊನೆಗಾಲದಲ್ಲಿ ಅದೇ ಹೆಸರಿನ ಒಬ್ಬ ವಜೀರ ಇದ್ದ. ಇನ್ನು ‘ಇನೆಕ್ ಶಾಬಾನ್’. ಇನೆಕ್ ಅಂದರೆ ಹಸು. ಅಲ್ಲಿನ ಶಾಲೆಗಳಲ್ಲಿ ಉರು ಹೊಡೆಯುವ ಹುಡುಗನಿಗೆ ಹಸು ಅಂತಾರೆ, ನಾವು ಕುಡುಮಿ ಅನ್ನುವ ಹಾಗೆ. ಆ ಪಾತ್ರ ಮಾಡಿದವರು ಕೆಮಾಲ್ ಸುನಾಲ್. ಹಲ್ಲು ಬಿಟ್ಟುಕೊಂಡು ನಗುವ ಆ ಉದ್ದ ಮುಖವನ್ನು ಒಮ್ಮೆ ನೋಡಿದರೆ ಮರೆಯೋದಿಲ್ಲ.

ಎರಡನೇ ಹೆಜ್ಜೆ: ಸಬ್‌ಟೈಟಲ್ ಅರ್ಧ ನಂಬಿ, ಕಿವಿ ಪೂರ್ತಿ ಕೊಡಿ

ನನಗೆ ಮುಖ್ಯವಾಗಿ ಹೇಳಬೇಕಾಗಿರುವುದು ಇದೇ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಈ ಚಿತ್ರಗಳಿಗೆ ಸಿಗುವುದು ಇಂಗ್ಲಿಷ್ ಸಬ್‌ಟೈಟಲ್. ಎಷ್ಟೋ ಸಲ ಯಂತ್ರ ಮಾಡಿದ್ದು. ಕಥೆ ತಿಳಿಯುತ್ತದೆ, ನಗು ಸೋರಿಹೋಗುತ್ತದೆ. ಆದರೆ ತುರ್ಕಿ ಭಾಷೆಯ ಕಟ್ಟು ಇಂಗ್ಲಿಷಿಗಿಂತ ಕನ್ನಡಕ್ಕೆ ಹತ್ತಿರ. ಕ್ರಿಯಾಪದ ಕೊನೆಗೆ ಬರುತ್ತದೆ. ಪದಕ್ಕೆ ಪ್ರತ್ಯಯ, ಅದರ ಮೇಲೊಂದು ಪ್ರತ್ಯಯ, ಹೀಗೆ ಬಾಲ ಬೆಳೆಯುತ್ತದೆ. ಹಾಗಾಗಿ ಜೋಕಿನ ಪೆಟ್ಟು ವಾಕ್ಯದ ಕೊನೆಯಲ್ಲಿ ಬೀಳುತ್ತದೆ. ಇಂಗ್ಲಿಷ್ ಸಾಲು ಅದನ್ನು ಮೊದಲೇ ಒದರಿಬಿಟ್ಟಿರುತ್ತದೆ. ಸಬ್‌ಟೈಟಲ್ ಓದಿ ಮುಗಿಸಿ ನೀವು ಸುಮ್ಮನೆ ಕೂತಿರುತ್ತೀರಿ, ನಟ ಇನ್ನೂ ಪಂಚ್ ಕೊಡಬೇಕು.

ಕೆಲವು ಸಂಗತಿಗಳನ್ನು ಕಿವಿಗೆ ಹಾಕಿಕೊಂಡರೆ ಸಾಕು.

ನೆಂಟಸ್ತಿಕೆ. ಸಬ್‌ಟೈಟಲ್‌ನಲ್ಲಿ ಎಲ್ಲರೂ ಅಂಕಲ್, ಆಂಟಿ. ತುರ್ಕಿಯಲ್ಲಿ ಅಪ್ಪನ ಅಣ್ಣತಮ್ಮ ‘ಆಮ್ಜಾ’, ಅಮ್ಮನ ಅಣ್ಣತಮ್ಮ ‘ದಾಯಿ’. ಅಪ್ಪನ ಅಕ್ಕತಂಗಿ ‘ಹಾಲಾ’, ಅಮ್ಮನ ಅಕ್ಕತಂಗಿ ‘ತೆಯ್ಜೆ’. ಅತ್ತಿಗೆಗೆ ‘ಯೆಂಗೆ’. ಸೋದರಮಾವನಿಗೂ ದೊಡ್ಡಪ್ಪನಿಗೂ ಇರುವ ವ್ಯತ್ಯಾಸ ನಮಗೆ ಬಿಡಿಸಿ ಹೇಳಬೇಕಾ? ಅಣ್ಣ ‘ಆಬಿ’, ಅಕ್ಕ ‘ಆಬ್ಲಾ’. ಬೀದಿಯಲ್ಲಿ ಸಿಕ್ಕ ಗುರುತಿಲ್ಲದವರನ್ನೂ ಹಾಗೇ ಕರೆಯುತ್ತಾರೆ, ಬಸ್ಸಿನಲ್ಲಿ ನಾವು ‘ಅಣ್ಣ ಸ್ವಲ್ಪ ಸರಿ’ ಅನ್ನುವ ಹಾಗೆ. ಮೇಷ್ಟ್ರು ‘ಹೋಜಾ’. ನಮ್ಮ ಕಥೆಪುಸ್ತಕದ ಮುಲ್ಲಾ ನಸ್ರುದ್ದೀನ್ ಅಲ್ಲಿ ನಸ್ರೆದ್ದಿನ್ ಹೋಜಾ.

‘ಅಂತೆ’. ಇದು ನನಗೆ ಸಿಕ್ಕ ಅತಿ ದೊಡ್ಡ ಸಂತೋಷ. ‘ಗೆಲ್ದಿ’ ಅಂದರೆ ಬಂದ. ‘ಗೆಲ್ಮಿಶ್’ ಅಂದರೆ ಬಂದಿದ್ದಾನಂತೆ. ಕಣ್ಣಾರೆ ಕಂಡದ್ದಕ್ಕೆ ಒಂದು ರೂಪ, ಕೇಳಿದ್ದಕ್ಕೆ ಇನ್ನೊಂದು. ‘ಮಿಶ್’, ‘ಮುಶ್’ ಅಂತ ಕೊನೆಗೆ ಕೇಳಿಸಿದರೆ ಅಲ್ಲೊಂದು ಗಾಳಿಮಾತು ಇರಬಹುದು ಅಂತ ಕಿವಿ ನಿಮಿರಿಸಿ. ಅಲ್ಲಿನ ಅಜ್ಜಿಕಥೆಗಳೂ ‘ಬಿರ್ ವಾರ್ಮಿಶ್, ಬಿರ್ ಯೊಕ್ಮುಶ್’ ಅಂತ ಶುರುವಾಗುತ್ತವೆ. ಒಂದು ಇತ್ತಂತೆ, ಒಂದು ಇರಲಿಲ್ಲವಂತೆ. ಇಂಗ್ಲಿಷ್ ಸಬ್‌ಟೈಟಲ್‌ಗೆ ಈ ‘ಅಂತೆ’ ಗೊತ್ತೇ ಇಲ್ಲ.

ಟೀ ಗೀ. ಅವರು ‘ಚಾಯ್ ಮಾಯ್’ ಅಂತಾರೆ. ದುಡ್ಡು ಗಿಡ್ಡು, ‘ಪಾರಾ ಮಾರಾ’. ನಮ್ಮ ‘ಗಿ’ ಜಾಗದಲ್ಲಿ ಅವರ ‘ಮ’. ಪಾತ್ರ ಯಾವುದನ್ನೋ ಕೇವಲ ಮಾಡುತ್ತಿದೆ ಅಂತ ಇದರಿಂದಲೇ ತಿಳಿಯುತ್ತದೆ.

ಕೆಮಾಲ್ ಸುನಾಲ್ ಅವರ ಫೇಮಸ್ ಬೈಗುಳ ‘ಎಶ್ಶೋಲು ಎಶ್ಶೆಕ್’. ಸಬ್‌ಟೈಟಲ್ ಇದಕ್ಕೆ ಏನೇನೋ ಒರಟು ಪದ ಹಾಕುತ್ತದೆ. ಅರ್ಥ ಕತ್ತೆ ಮಗನಾದ ಕತ್ತೆ. ಎಷ್ಟು ಸಿಟ್ಟು, ಎಷ್ಟು ಪ್ರೀತಿ ಅದರಲ್ಲಿ ಇರುತ್ತದೆ ಅಂತ ‘ಕತ್ತೆ ಮಗನೇ’ ಅಂತ ಬೈಸಿಕೊಂಡು ಬೆಳೆದವರಿಗೆ ಗೊತ್ತು.

ಇವುಗಳ ಜೊತೆಗೆ ಹಿಸಾಬು, ಜವಾಬು, ಕಾನೂನು, ವಕೀಲ, ತಾರೀಖು, ಸಾಬೂನು, ಮೈದಾನ, ಪೈಲ್ವಾನ, ಎಲ್ಲವೂ ಚೂರುಪಾರು ಬದಲಾಗಿ ಕಿವಿಗೆ ಬೀಳುತ್ತವೆ. ಪಾರ್ಸಿ, ಅರಬ್ಬಿಯಿಂದ ಅವರಿಗೂ ಹೋದ ಪದಗಳು, ನಮಗೂ ಬಂದ ಪದಗಳು.

ಒಂದೇ ಕಡೆ ನಾವು ಮೋಸ ಹೋಗುತ್ತೇವೆ. ಗಲ್ಲ ಮೇಲಕ್ಕೆತ್ತಿ, ಹುಬ್ಬು ಹಾರಿಸಿ, ನಾಲಿಗೆಯಲ್ಲಿ ‘ಚ್’ ಅಂದರೆ ಅಲ್ಲಿ ‘ಇಲ್ಲ’ ಅಂತ. ನಮ್ಮಲ್ಲಿ ಗಲ್ಲ ಎತ್ತಿದರೆ ‘ಏನು?’ ಅಂತ ಕೇಳಿದ ಹಾಗೆ. ನಾನು ಎರಡು ಚಿತ್ರ ಪೂರ್ತಿ ಇದನ್ನು ಪ್ರಶ್ನೆ ಅಂದುಕೊಂಡೇ ನೋಡಿದೆ.

ಈಗ ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. 1975ರ ‘ಬಿಜಿಮ್ ಆಯಿಲೆ’, ಅಂದರೆ ನಮ್ಮ ಕುಟುಂಬ. ಮುನಿರ್ ಓಜ್‌ಕುಲ್ ಇಲ್ಲಿ ಯಾಶಾರ್ ಉಸ್ತಾ. ಉಸ್ತಾ ಅಂದರೆ ನಮ್ಮ ಮೇಸ್ತ್ರಿ ಇದ್ದ ಹಾಗೆ, ಕೈಕೆಲಸದಲ್ಲಿ ಪಳಗಿದವನು. ಬಡವ. ದುಡ್ಡಿನ ದರ್ಪದಲ್ಲಿ ತನ್ನ ಮಕ್ಕಳ ಬದುಕಿಗೆ ಅಡ್ಡ ಬಂದ ಶ್ರೀಮಂತನ ಎದುರು ಬಂದು ನಿಲ್ಲುತ್ತಾನೆ. ಮಾತು ಶುರುವಾಗುವುದು ಹೀಗೆ: ‘ಬಾಕ್ ಬೇಯಿಮ್, ಸಾನಾ ಇಕಿ ಚಿಫ್ತ್ ಲಾಫಿಮ್ ವಾರ್.’ ಕನ್ನಡದಲ್ಲಿ ಹೇಳಿದರೆ, ‘ನೋಡು ಸ್ವಾಮಿ, ನಿನಗೆ ಎರಡು ಮಾತು ಹೇಳೋದಿದೆ.’ ಕೇಳಿಸಿತಾ? ‘ಸ್ವಾಮಿ’ ಅನ್ನುವ ಮರ್ಯಾದೆ ಇದೆ. ಅದರ ಹಿಂದೆ ಮುಂದೆ ‘ನೋಡು’, ‘ನಿನಗೆ’. ತುರ್ಕಿಯಲ್ಲಿ ನೀನು, ನೀವು ಎರಡೂ ಇವೆ: ‘ಸೆನ್’, ‘ಸಿಜ್’. ಜೀವಮಾನವೆಲ್ಲ ದೊಡ್ಡವರಿಗೆ ‘ಸಿಜ್’ ಅಂದಿರುವ ಮನುಷ್ಯ ಇಲ್ಲಿ ‘ಸೆನ್’ಗೆ ಇಳಿದಿದ್ದಾನೆ. ದನಿ ಏರಿಸುವ ಮೊದಲೇ ಅರ್ಧ ಗೆದ್ದಾಗಿದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ‘ಯೂ’. ಇಡೀ ದೃಶ್ಯದ ಬೆಂಕಿ ಆ ಒಂದು ಪದದಲ್ಲಿ ಆರಿಹೋಗುತ್ತದೆ.

ಮೂರು: ಮುಖಗಳ ಪರಿಚಯ ಮಾಡಿಕೊಳ್ಳಿ

ಎಯಿಲ್ಮೆಜ್ ಅವರ ಸಂಸ್ಥೆ ‘ಆರ್ಜು ಫಿಲ್ಮ್’. ಅದರ ಚಿತ್ರಗಳಲ್ಲಿ ಅವೇ ಮುಖಗಳು ಮತ್ತೆ ಮತ್ತೆ ಬರುತ್ತವೆ, ನಾಟಕ ಕಂಪನಿಯ ಹಾಗೆ. ಬರೆಯುವವರಲ್ಲಿ ಸಾದಿಕ್ ಶೆಂದಿಲ್, ಯಾವುಜ್ ತುರ್ಗುಲ್ ಹೆಸರು ನೆನಪಿಡಿ.

ಆದಿಲೆ ನಾಶಿತ್, ಮುನಿರ್ ಓಜ್‌ಕುಲ್ ಗಂಡ ಹೆಂಡತಿಯಾಗಿ ಬಂದರೆ ಮುಗಿಯಿತು, ಆ ಮನೆ ನಿಮ್ಮ ಮನೆ. ಆದಿಲೆ ಅವರ ನಗು ಗುಂಡಗಿನ ಇಡೀ ಮೈಯನ್ನು ಕುಲುಕಿಸುತ್ತದೆ. ತಂದೆ ನಾಶಿತ್ ದೊಡ್ಡ ರಂಗ ಹಾಸ್ಯಗಾರ, ರಕ್ತದಲ್ಲೇ ಬಂದದ್ದು. ಇವರಿಬ್ಬರ 1978ರ ‘ನೆಶೆಲಿ ಗುನ್ಲೆರ್’ ನೋಡಿ, ನನಗೆ ಹುಚ್ಚು ಹಿಡಿಸಿದ್ದು ಇದೇ. ಉಪ್ಪಿನಕಾಯಿ ಅಂಗಡಿಯ ದಂಪತಿ. ಉಪ್ಪಿನಕಾಯಿಗೆ ನಿಂಬೆರಸ ಹಾಕಬೇಕೋ ವಿನೆಗರ್ ಹಾಕಬೇಕೋ ಅಂತ ಜಗಳ. ಅದು ಎಲ್ಲಿಗೆ ಹೋಗುತ್ತದೆ ಅಂದರೆ, ಇಬ್ಬರೂ ಬೇರೆಯಾಗಿ ಮಕ್ಕಳನ್ನೂ ಹಂಚಿಕೊಳ್ಳುತ್ತಾರೆ! ಸಾರಿಗೆ ಬೆಲ್ಲ ಹಾಕುವ ಮನೆಯವರಿಗೂ ಹಾಕದ ಮನೆಯವರಿಗೂ ಸಂಬಂಧ ಬೆಳೆದಾಗ ಏನಾಗುತ್ತದೆ ಅಂತ ಗೊತ್ತಿದ್ದವರಿಗೆ ಇದು ಅತಿ ಅನ್ನಿಸುವುದಿಲ್ಲ. ನಮ್ಮಮ್ಮ ಅಡುಗೆಮನೆಯಿಂದ ಬಂದು ಐದು ನಿಮಿಷ ನಿಂತು ನೋಡಿ, ‘ಅದು ಸರಿ, ಬಿಸಿಲಿಗೆ ಇಡೋದೇ ಇಲ್ವಾ ಇವ್ರು?’ ಅಂತ ಕೇಳಿದರು. ಅಲ್ಲಿ ತರಕಾರಿಗಳನ್ನು ಉಪ್ಪುನೀರಿನಲ್ಲೇ ಹುಳಿ ಬರಿಸುತ್ತಾರೆ, ಬಿಸಿಲಿನ ಕೆಲಸ ಇಲ್ಲ.

ಕೆಮಾಲ್ ಸುನಾಲ್ ಬಗ್ಗೆ ಇನ್ನೆರಡು ಮಾತು. ಪೆದ್ದನ ಮುಖ ಹಾಕಿಕೊಂಡು ಎಲ್ಲರನ್ನೂ ಸೋಲಿಸುವುದು ಅವರ ಆಟ. 1976ರ ‘ಕಪಿಜಿಲಾರ್ ಕ್ರಾಲಿ’ಯಲ್ಲಿ ಅಪಾರ್ಟ್‌ಮೆಂಟಿನ ಕಾವಲುಗಾರ. ಮನೆಮನೆಗೆ ಬ್ರೆಡ್ಡು, ದಿನಸಿ ತಂದುಕೊಡುತ್ತಲೇ ಒಬ್ಬೊಬ್ಬರ ಗುಟ್ಟು ತಿಳಿದುಕೊಂಡು ಅವರವರನ್ನೇ ಎತ್ತಿಕಟ್ಟುತ್ತಾನೆ. ಅಂತಾಲ್ಯಾ ಚಿತ್ರೋತ್ಸವದಲ್ಲಿ ಅವರಿಗೆ ಉತ್ತಮ ನಟ ಪ್ರಶಸ್ತಿ ಬಂದದ್ದು ಇದಕ್ಕೇ. ವಯಸ್ಸಾದ ಮೇಲೆ ವಿಶ್ವವಿದ್ಯಾಲಯ ಸೇರಿ, ಸ್ನಾತಕೋತ್ತರ ಪ್ರಬಂಧಕ್ಕೆ ಆರಿಸಿಕೊಂಡ ವಿಷಯ ಕೆಮಾಲ್ ಸುನಾಲ್ ಹಾಸ್ಯ! ವಿಮಾನ ಅಂದರೆ ಭಯ ಇದ್ದವರು. 2000ದ ಜುಲೈ 3ರಂದು ಶೂಟಿಂಗಿಗೆ ಹೊರಟು, ವಿಮಾನ ಮೇಲೇರುವ ಮೊದಲೇ ಹೃದಯಾಘಾತದಿಂದ ತೀರಿಕೊಂಡರು.

ಶೆನೆರ್ ಶೆನ್ ಇನ್ನೊಂದು ಜಾತಿ. ಮೊದಲು ಮೇಷ್ಟ್ರಾಗಿದ್ದವರು. 1970ರ ದಶಕದಲ್ಲಿ ಜಂಬದ, ಠಕ್ಕಿನ ಪಾತ್ರಗಳು, 80ರ ದಶಕದಲ್ಲಿ ಸೋತ ದೊಡ್ಡಮನುಷ್ಯ. ಇಬ್ಬರೂ ಒಟ್ಟಿಗೆ ಬೇಕೆಂದರೆ 1976ರ ‘ತೋಸುನ್ ಪಾಶಾ’. ಆಟೊಮನ್ ಕಾಲದ ಈಜಿಪ್ಟ್, ಒಂದು ಹಸಿರು ಕಣಿವೆಗಾಗಿ ಎರಡು ಮನೆತನಗಳ ಕಿತ್ತಾಟ, ಆಳನ್ನೇ ಪಾಶಾ ಅಂತ ವೇಷ ಹಾಕಿಸಿ ನಿಲ್ಲಿಸುವುದು. ತಲೆ ಕೆಡಿಸಿಕೊಳ್ಳದೆ ನೋಡಿ.

ತುಟಿಗೂ ಮಾತಿಗೂ ಹೊಂದುವುದಿಲ್ಲ ಅನ್ನಿಸಿದರೆ ನಿಮ್ಮ ನೆಟ್ ದೂರಬೇಡಿ. ಆಗ ಶಬ್ದವಿಲ್ಲದೆ ಚಿತ್ರೀಕರಿಸಿ, ಆಮೇಲೆ ಸ್ಟುಡಿಯೋದಲ್ಲಿ ದನಿ ಸೇರಿಸುತ್ತಿದ್ದರು. ಎಷ್ಟೋ ನಾಯಕರಿಗೆ ಬೇರೆಯವರದೇ ಕಂಠ.

ನಾಲ್ಕು: ಬೇರು ಸ್ವಲ್ಪ ಕೆದಕಿ

ಇಲ್ಲಿ ಓದುವುದು ಬೇಕಿಲ್ಲ, ಒಂದು ವಿಡಿಯೋ ನೋಡಿದರೆ ಸಾಕು. ‘ಕರಾಗೋಜ್’ ತೊಗಲುಗೊಂಬೆ ಆಟ ಹುಡುಕಿ. ಕರಾ ಅಂದರೆ ಕಪ್ಪು, ಗೋಜ್ ಅಂದರೆ ಕಣ್ಣು. ಕರಾಗೋಜ್ ಓದುಬರಹ ಇಲ್ಲದವನು, ಹಾಜಿವಾತ್ ಪಾಂಡಿತ್ಯದವನು. ಹಾಜಿವಾತ್ ಅಲಂಕಾರದ ಭಾಷೆಯಲ್ಲಿ ಒಂದು ಹೇಳಿದರೆ ಕರಾಗೋಜ್ ಇನ್ನೊಂದು ಕೇಳಿಸಿಕೊಳ್ಳುತ್ತಾನೆ. ನಮ್ಮ ತೊಗಲುಗೊಂಬೆಯ ಕಿಳ್ಳೆಕ್ಯಾತನನ್ನು ನೋಡಿದವರಿಗೆ ಇವನು ದೂರದ ನೆಂಟನ ಹಾಗೆ ಕಾಣುತ್ತಾನೆ. ಶಾಬಾನ್ ಯಾಕೆ ಯಾವಾಗಲೂ ತಪ್ಪು ಕೇಳಿಸಿಕೊಳ್ಳುತ್ತಾನೆ ಅಂತ ಇಲ್ಲಿ ಗೊತ್ತಾಗುತ್ತದೆ.

ಬಯಲಲ್ಲಿ ಆಡುವ ‘ಓರ್ತಾ ಓಯುನು’ ಅಂತ ಇನ್ನೊಂದು ಆಟ ಇದೆ. ಅದರ ಹಾಸ್ಯಗಾರ ತೊಡುವ ಪೇಟದಂಥ ಟೋಪಿಯೇ ‘ಕಾವುಕ್’. ಒಂದು ಕಾವುಕ್ ಗುರುವಿನಿಂದ ಶಿಷ್ಯನಿಗೆ ಬರುತ್ತಿದೆ. ಕೆಲ್ ಹಸನ್ ಅವರಿಂದ ದುಂಬುಲ್ಲು ಅವರಿಗೆ, 1968ರಲ್ಲಿ ಅವರಿಂದ ಮುನಿರ್ ಓಜ್‌ಕುಲ್ ಅವರಿಗೆ. ಹಬಾಬಾಮ್‌ನ ಆ ಬೊಕ್ಕತಲೆಯ ಮೇಲೆ ಅಷ್ಟು ಹಳೇ ಟೋಪಿ ಕೂತಿತ್ತು ಅಂತ ತಿಳಿದ ಮೇಲೆ ನಾನು ಆ ಚಿತ್ರವನ್ನು ಇನ್ನೊಮ್ಮೆ ನೋಡಿದೆ.

ಐದು: ಇಸವಿ ನೋಡಿ ನೋಡಿ

1970ರ ದಶಕದ ಚಿತ್ರಗಳಲ್ಲಿ ಹಳ್ಳಿಯಿಂದ ಇಸ್ತಾಂಬುಲ್‌ಗೆ ಬಂದವರೇ ತುಂಬಿರುತ್ತಾರೆ. ಜರ್ಮನಿಗೆ ಕೆಲಸಕ್ಕೆ ಹೋಗುವ ಕನಸು ಇನ್ನೊಂದು. 1980ರ ‘ಬಾಂಕೆರ್ ಬಿಲೊ’ದಲ್ಲಿ ಹಳ್ಳಿಯವರನ್ನು ಜರ್ಮನಿಗೆ ಅಂತ ಲಾರಿಯಲ್ಲಿ ತುಂಬಿಕೊಂಡು ಹೋಗಿ ಇಸ್ತಾಂಬುಲ್‌ನಲ್ಲಿ ಇಳಿಸಿಬಿಡುತ್ತಾನೆ ಏಜೆಂಟ್. 1980ರ ಸೆಪ್ಟೆಂಬರ್ 12ಕ್ಕೆ ಸೈನ್ಯ ಅಧಿಕಾರ ಹಿಡಿಯಿತು. ಅದರ ನಂತರದ ನಗುವಿನಲ್ಲಿ ಒಂದು ಕಹಿ ಸೇರಿತು.

ನನ್ನ ಕೇಳಿದರೆ ಅತ್ಯುತ್ತಮ ಚಿತ್ರಗಳು ಬಂದದ್ದು ಈ ಕಹಿಯಿಂದಲೇ. 1984ರ ‘ನಾಮುಸ್ಲು’, ಅಂದರೆ ಪ್ರಾಮಾಣಿಕ. ಕಚೇರಿಯ ಸಂಬಳದ ದುಡ್ಡು ತರುವ ಗುಮಾಸ್ತನಾಗಿ ಶೆನೆರ್ ಶೆನ್. ಒಂದು ದಿನ ಕಳ್ಳರು ದುಡ್ಡು ಕಿತ್ತುಕೊಂಡು ಹೋಗುತ್ತಾರೆ. ನಿಜ ಹೇಳಿದರೆ ಯಾರೂ ನಂಬುವುದಿಲ್ಲ. ಇವನೇ ಹೊಡೆದುಕೊಂಡ ಅಂದುಕೊಳ್ಳುತ್ತಾರೆ. ಅಲ್ಲಿಂದ ಮಜಾ. ಎಲ್ಲರೂ ಅವನಿಗೆ ಮರ್ಯಾದೆ ಕೊಡಲು ಶುರು ಮಾಡುತ್ತಾರೆ! ಮನೆಯಲ್ಲಿ ಕೂಡ. ‘ಚಾಲ್ಮಿಶ್’, ಕದ್ದನಂತೆ. ಇಡೀ ಚಿತ್ರ ಆ ‘ಅಂತೆ’ಯ ಮೇಲೆ ನಿಂತಿದೆ. ಪಾಪ, ಪ್ರಾಮಾಣಿಕ ಅನ್ನಿಸಿಕೊಳ್ಳಲು ಅವನು ಪಡುವ ಪಾಡು ನೋಡಬೇಕು.

1985ರ ‘ಜುಯುರ್ತ್ ಆಗಾ’ ದಿವಾಳಿಯಾದ ಜಮೀನ್ದಾರನ ಕಥೆ. ಇಸ್ತಾಂಬುಲ್‌ಗೆ ಬಂದು ಬೀದಿಯಲ್ಲಿ ಟೊಮೆಟೊ ಮಾರಬೇಕು. ಆಳಿದ ಬಾಯಿಗೆ ‘ಟೊಮೆಟೊ’ ಅಂತ ಕೂಗಲು ಬರುವುದಿಲ್ಲ. 1987ರ ‘ಮುಹ್ಸಿನ್ ಬೇ’ಯಲ್ಲಿ ಹಳೇ ಸಂಗೀತವನ್ನೇ ನೆಚ್ಚಿಕೊಂಡ ಒಬ್ಬ ಏಜೆಂಟ್, ಗಾಯಕನಾಗಬೇಕು ಅಂತ ಉರ್ಫಾದಿಂದ ಬಂದು ಅವನಿಗೆ ಅಂಟಿಕೊಳ್ಳುವ ಹುಡುಗ. ಇದನ್ನು ರಾತ್ರಿ ಒಬ್ಬರೇ ನೋಡಿ.

ಒಂದು ಎಚ್ಚರಿಕೆ. 1970ರ ದಶಕದ ಮಧ್ಯದಲ್ಲಿ ಟಿವಿ ಬಂದು ಮನೆಮಂದಿ ಥಿಯೇಟರ್ ಬಿಟ್ಟಾಗ, ಎಷ್ಟೋ ನಿರ್ಮಾಪಕರು ಅಶ್ಲೀಲ ಕಾಮಿಡಿಗೆ ಇಳಿದರು. ಮನೆಯವರ ಜೊತೆ ಕೂತು ಯೂಟ್ಯೂಬ್ ತೋರಿಸಿದ್ದನ್ನೆಲ್ಲ ಒತ್ತಬೇಡಿ. ಒಳ್ಳೇ ಚಿತ್ರಗಳಲ್ಲೂ ಹೆಂಗಸರಿಗೆ ಹೊಡೆಯುವುದನ್ನು ತಮಾಷೆ ಮಾಡಿರುವ ಕಡೆಗಳಿವೆ. ಅದು ಹಳಸಿದೆ, ಹಾಗೇ ಬಿಡಿ.

ಆಮೇಲೆ: ನಕಲು ಚಿತ್ರಗಳು, ಅಣಕು ಚಿತ್ರ

ಈಗ ಬೇಕಾದರೆ ವಿಚಿತ್ರ ಚಿತ್ರಗಳ ಕಡೆ ಬನ್ನಿ. ಸಾದ್ರಿ ಆಲಿಶಿಕ್ ಅವರ ಅಲೆಮಾರಿ ಪಾತ್ರ ‘ತುರಿಸ್ತ್ ಓಮೆರ್’. 1973ರಲ್ಲಿ ಅವನನ್ನು ಸೀದಾ ಅಮೆರಿಕದ ಟಿವಿ ಸರಣಿ ಸ್ಟಾರ್ ಟ್ರೆಕ್‌ನ ನೌಕೆಯೊಳಗೇ ಕಳಿಸಿದರು, ಯಾರ ಅನುಮತಿಯೂ ಇಲ್ಲದೆ. ಅಮೆರಿಕದವರೇ ಅದನ್ನು ಸಿನಿಮಾ ಮಾಡಿದ್ದು 1979ರಲ್ಲಿ! ಇದೇ ಆಲಿಶಿಕ್ 1964ರಲ್ಲಿ ‘ಆವಾರೆ’ ಅನ್ನುವ ಚಿತ್ರದಲ್ಲಿ ನಟಿಸಿದ್ದರು. ನಿಮ್ಮ ಊಹೆ ಸರಿ, ರಾಜ್ ಕಪೂರ್ ಅವರ 1951ರ ‘ಆವಾರಾ’ ತುರ್ಕಿಯಲ್ಲಿ ಅಷ್ಟು ಓಡಿತ್ತು.

ಎಲ್ಲಕ್ಕಿಂತ ಕೊನೆಗೆ ‘ಅರಾಬೆಸ್ಕ್’. ಎಯಿಲ್ಮೆಜ್ ಅವರ ಕೊನೇ ಚಿತ್ರ, 1989ರಲ್ಲಿ ಅವರು ತೀರಿಕೊಂಡರು. ಬೇರೆಯಾಗುವ ಪ್ರೇಮಿಗಳು, ಗಳಿಗೆಗೊಂದು ಅಳುವ ಹಾಡು, ಯೆಶಿಲ್‌ಚಾಮ್ ಕಣ್ಣೀರಿನ ಕಥೆಗಳನ್ನೆಲ್ಲ ಒಟ್ಟಿಗೆ ಅಣಕ ಮಾಡಿದ್ದಾರೆ. ಇದನ್ನೇ ಮೊದಲು ನೋಡಿದರೆ ಏನೂ ಹತ್ತುವುದಿಲ್ಲ. ಒಂದೆರಡು ಹಳೇ ಅಳುಬುರುಕ ಚಿತ್ರ ನೋಡಿಕೊಂಡು ಬನ್ನಿ.

ಇಷ್ಟಾದ ಮೇಲೆ ‘ಹಬಾಬಾಮ್ ಸಿನಿಫಿ’ಗೆ ವಾಪಸ್ ಹೋಗಿ. ಈ ಸಲ ಸಬ್‌ಟೈಟಲ್ ಆಫ್ ಮಾಡಿ. ಕಥೆ ಗೊತ್ತೇ ಇದೆ. ಯಾರು ಯಾರಿಗೆ ‘ಆಬಿ’ ಅಂದರು, ಎಲ್ಲಿ ‘ಮಿಶ್’ ಬಂತು, ಯಾರು ಗಲ್ಲ ಎತ್ತಿ ‘ಚ್’ ಅಂದರು, ಇಷ್ಟನ್ನೇ ಕೇಳಿಸಿಕೊಳ್ಳಿ. ‘ಎಶ್ಶೋಲು ಎಶ್ಶೆಕ್’ ಬಂದ ಕೂಡಲೇ ನಿಮಗೇ ಗೊತ್ತಾಗುತ್ತದೆ.